ಎದುರು ಬಂದ ಬೈಕಿನವರು ಕೈ ಎತ್ತಿದರೆ ಏನು ಮಾಡಬೇಕು? ಬೈಕ್, ಸ್ಕೂಟರ್ ಸವಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಬೈಕ್ ತಗೊಂಡು ಮೊದಲ ಸಲ ಹೈವೇಗೆ ಹೋಗಿ ಬಂದವರು ಮೈಲೇಜ್ ಬಗ್ಗೆ, ಸೀಟಿನ ಬಗ್ಗೆ ಕೇಳಿದ ಮೇಲೆ ತಪ್ಪದೆ ಇದನ್ನೂ ಕೇಳುತ್ತಾರೆ: ಗುರುತು ಪರಿಚಯ ಇಲ್ಲದವರು ಕೈ ಎತ್ತಿ ಹೋದರಲ್ಲ, ಏನದು? ಅಂಥ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಂದು ಕಡೆ ಇಟ್ಟಿದ್ದೇನೆ. ಇವು ಕಾನೂನಲ್ಲ, ರೂಢಿ. ಬ್ರೇಕಿಗೆ ಸಂಬಂಧಪಟ್ಟ ಮಾತುಗಳನ್ನು ಮಾತ್ರ ಕಾನೂನು ಅಂತಲೇ ತಿಳಿದುಕೊಳ್ಳಿ.

ನನಗೆ ಪರಿಚಯವೇ ಇಲ್ಲ. ಯಾಕೆ ಕೈ ಎತ್ತಿದರು?

ಸುಮ್ನೆ. ‘ನೀನೂ ಹೊರಟಿದ್ದೀಯಾ, ನಾನೂ ಹೊರಟಿದ್ದೀನಿ’ ಅಷ್ಟೇ. ಹಿಂದೆ ಬ್ಯಾಗು ಬಿಗಿದುಕೊಂಡು, ಜಾಕೆಟ್ ಹಾಕಿಕೊಂಡು ದೂರ ಹೊರಟವರು ಇದನ್ನು ಜಾಸ್ತಿ ಮಾಡುತ್ತಾರೆ. ಭಾನುವಾರ ಬೆಳಗ್ಗೆ ಹಾಸನ–ಸಕಲೇಶಪುರದ ಕಡೆಯೋ ಚಿತ್ರದುರ್ಗದ ಹೈವೇಯಲ್ಲೋ ಹೋದರೆ ಇಂಥವರು ಬೇಕಾದಷ್ಟು ಸಿಗುತ್ತಾರೆ. ಅವರಿಗೆ ನಿಮ್ಮಿಂದ ಏನೂ ಬೇಕಾಗಿಲ್ಲ. ನಿಲ್ಲಬೇಕಿಲ್ಲ, ಯಾರಿರಬಹುದು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಒಂದು ವಿಷಯ ಮಾತ್ರ ಗಮನಿಸಿ. ಕೈ ಎತ್ತಿ ಇಳಿಸಿದರೆ ಅದು ನಮಸ್ಕಾರ. ಅಂಗೈ ನೆಲದ ಕಡೆ ಮಾಡಿ, ಏನನ್ನೋ ಒತ್ತುವ ಹಾಗೆ ಮೇಲೆ ಕೆಳಗೆ ಆಡಿಸಿದರೆ ಅದು ‘ನಿಧಾನ’ ಅಂತ. ಮುಂದೆ ಆಕ್ಸಿಡೆಂಟ್ ಆಗಿದೆ, ದನ ಅಡ್ಡ ಬಂದಿವೆ, ಮಣ್ಣು ಕುಸಿದಿದೆ, ಏನೋ ಇದೆ. ಅದಕ್ಕೆ ಉತ್ತರವಾಗಿ ಕೈ ಬೀಸಬೇಡಿ, ಎಕ್ಸಲರೇಟರ್ ಬಿಡಿ.

ಯಾವ ಕೈ ಎತ್ತಬೇಕು?

ಎತ್ತಲೇಬೇಕು ಅಂದರೆ ಎಡಗೈ. ಬಲಗೈಯಲ್ಲಿ ಎಕ್ಸಲರೇಟರ್ ಇದೆ, ಮುಂದಿನ ಬ್ರೇಕ್ ಇದೆ. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ಬೀಳುವುದರಿಂದ ಬೈಕನ್ನು ನಿಲ್ಲಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಮುಂದಿನ ಬ್ರೇಕಿನದ್ದೇ. ಆ ಕೈಯನ್ನು ಯಾರಿಗಾಗಿಯೂ ಬಿಡುವಂತಿಲ್ಲ.

ಆದರೆ ನಮ್ಮ ದೇಶದಲ್ಲಿ ಇದಕ್ಕೊಂದು ತೊಡಕಿದೆ. ನಾವು ರಸ್ತೆಯ ಎಡಗಡೆ ಓಡಿಸುತ್ತೇವೆ. ಎದುರಿನವರು ಹಾದು ಹೋಗುವುದು ನಮ್ಮ ಬಲಕ್ಕೆ. ವಿಡಿಯೋಗಳಲ್ಲಿ ನೋಡಿದ ಹಾಗೆ ಎಡಗೈಯನ್ನು ಸ್ಟೈಲಾಗಿ ಕೆಳಗೆ ಇಳಿಬಿಟ್ಟು ಎರಡು ಬೆರಳು ತೋರಿಸಿದರೆ ಅದು ನಿಮ್ಮ ಗಾಡಿಯ ಮರೆಯಲ್ಲೇ ಉಳಿಯುತ್ತದೆ. ಪಕ್ಕದ ಗದ್ದೆಗೆ ನಮಸ್ಕಾರ ಹೇಳಿದಂತಾಗುತ್ತದೆ. ಅದು ಅಮೆರಿಕದ ಪದ್ಧತಿ. ಅಲ್ಲಿ ಬಲಗಡೆ ಓಡಿಸುತ್ತಾರೆ, ಎದುರಿನವರು ಎಡಕ್ಕೆ ಬರುತ್ತಾರೆ, ಇಳಿಬಿಟ್ಟ ಎಡಗೈ ಚೆನ್ನಾಗಿ ಕಾಣುತ್ತದೆ. ಇಲ್ಲಿ ಕಾಣಬೇಕಾದರೆ ಕೈಯನ್ನು ಭುಜದ ಎತ್ತರಕ್ಕಾದರೂ ಎತ್ತಬೇಕು.

ಅದಕ್ಕೇ ನನ್ನ ಸಲಹೆ ತಲೆ ಆಡಿಸುವುದು. ಹೆಲ್ಮೆಟ್ ಒಳಗಿಂದ ಸಣ್ಣಗೆ ಆಡಿಸಿದರೆ ಹೊರಗೆ ಕಾಣುವುದಿಲ್ಲ. ಗಲ್ಲ ಎದೆಯ ಕಡೆ ಬರುವ ಹಾಗೆ ಒಂದು ಸಲ ಸ್ಪಷ್ಟವಾಗಿ ಬಗ್ಗಿಸಿ ಎತ್ತಿ, ಸಾಕು. ನಮ್ಮ ಹಾಗೆ ಎಡಗಡೆ ಓಡಿಸುವ ಬ್ರಿಟನ್ನಿನಲ್ಲೂ ತಲೆ ಬಗ್ಗಿಸುವುದೇ ಬಳಕೆಯಲ್ಲಿದೆ.

ಇನ್ನೊಂದು ಲೆಕ್ಕ ನೋಡಿ. ನೀವು 60ರಲ್ಲಿ, ಎದುರಿನವರೂ 60ರಲ್ಲಿ ಬರುತ್ತಿದ್ದರೆ ಇಬ್ಬರ ನಡುವಿನ ದೂರ ಒಂದು ಸೆಕೆಂಡಿಗೆ ಸುಮಾರು 33 ಮೀಟರ್ ಕಮ್ಮಿಯಾಗುತ್ತದೆ. ನೂರು ಮೀಟರ್ ದೂರದಲ್ಲಿ ಕಂಡವರು ಮೂರು ಸೆಕೆಂಡಿಗೆ ಪಕ್ಕದಲ್ಲಿರುತ್ತಾರೆ. ಅವರು ಕೈ ಎತ್ತಿದ್ದನ್ನು ನೋಡಿ, ಯೋಚಿಸಿ, ನೀವು ಎತ್ತುವಷ್ಟರಲ್ಲಿ ಅವರು ಕನ್ನಡಿಯಲ್ಲಿರುತ್ತಾರೆ. ತಲೆ ಬಗ್ಗಿಸುವುದಕ್ಕೆ ಆ ಸಮಯ ಸಾಕು.

ನಾನು ಓಡಿಸುವುದು ಗೇರ್ ಇಲ್ಲದ ಸ್ಕೂಟರ್. ನನಗೂ ಇದೇ ನಿಯಮವಾ?

ಅಲ್ಲ. ಇದನ್ನು ಜಾಸ್ತಿ ಜನ ಯೋಚಿಸುವುದೇ ಇಲ್ಲ. ಬೈಕಿನಲ್ಲಿ ಎಡಗೈಯಲ್ಲಿರುವುದು ಕ್ಲಚ್. ನೇರ ರಸ್ತೆಯಲ್ಲಿ ಅದನ್ನು ಒಂದು ಕ್ಷಣ ಬಿಟ್ಟರೆ ನಡೆಯುತ್ತದೆ. ಗೇರ್ ಇಲ್ಲದ ಸ್ಕೂಟರಿನಲ್ಲಿ ಎರಡೂ ಕೈಯಲ್ಲಿರುವುದು ಬ್ರೇಕೇ. ಹಿಂದಿನ ಬ್ರೇಕ್ ಎಡಗೈಯಲ್ಲಿದೆ. ಈಗಿನ ಹೆಚ್ಚಿನ ಸ್ಕೂಟರ್‌ಗಳಲ್ಲಿ ಎಡಗಡೆಯ ಲಿವರ್ ಹಿಡಿದರೆ ಮುಂದಿನ ಚಕ್ರಕ್ಕೂ ಸ್ವಲ್ಪ ಬ್ರೇಕ್ ಬೀಳುತ್ತದೆ. ಕಾಲಲ್ಲಿ ಬ್ರೇಕ್ ಇಲ್ಲ. ಜೊತೆಗೆ ಚಕ್ರ ಚಿಕ್ಕದು, ಒಂದು ಗುಂಡಿ ಸಿಕ್ಕರೆ ಹ್ಯಾಂಡಲ್ ಬೇಗ ತಿರುಗುತ್ತದೆ. ಆದ್ದರಿಂದ ಸ್ಕೂಟರಿನವರಿಗೆ ತಲೆ ಬಗ್ಗಿಸುವುದೊಂದೇ ದಾರಿ.

ಹಳೆಯ ಚೇತಕ್ ಇಟ್ಟುಕೊಂಡವರ ಕಷ್ಟ ಇನ್ನೊಂದು ಥರ. ಎಡಗೈಯಲ್ಲೇ ಕ್ಲಚ್ಚು, ಅದೇ ಹಿಡಿಯನ್ನು ತಿರುಗಿಸಿದರೆ ಗೇರು. ಎಂಜಿನ್ ಇರುವುದು ಬಲಗಡೆ ಡೂಮಿನೊಳಗೆ. ಹಾಗಾಗಿ ಕೈ ಸಡಿಲ ಬಿಟ್ಟರೆ ಗಾಡಿ ಒಂದು ಕಡೆ ಎಳೆಯುತ್ತದೆ. ಆ ಕಾಲದವರು ಸೀಟಿನ ಮೇಲೆ ಸ್ವಲ್ಪ ವಾಲಿ ಕೂರುತ್ತಿದ್ದದ್ದು ನೆನಪಿದೆಯಾ? ಚೇತಕ್ ಓಡಿಸುವವರು ಎದುರು ಸಿಕ್ಕರೆ ನಗುತ್ತಾರೆ. ಅದೇ ಅವರ ನಮಸ್ಕಾರ.

ಎಡಗೈ ಎತ್ತಿದರೆ ತಪ್ಪು ತಿಳಿದುಕೊಳ್ಳಲ್ವಾ?

ಎಡಗೈಯಲ್ಲಿ ಕೊಡಬಾರದು, ತಗೋಬಾರದು ಅಂತ ಬೈಸಿಕೊಂಡು ಬೆಳೆದವರು ನಾವು. ಬೈಕ್ ಮೇಲೆ ಅದು ಲೆಕ್ಕಕ್ಕಿಲ್ಲ. ನಿಂತ ಮೇಲೆ ಕೈ ಕುಲುಕುವಾಗ ಗ್ಲೌಸ್ ತೆಗೆದು ಬಲಗೈ ಕೊಡಿ, ಸರಿಹೋಗುತ್ತದೆ.

ಊರೊಳಗೂ ಎಲ್ಲರಿಗೂ ತಲೆ ಆಡಿಸಬೇಕಾ?

ಬೇಡ. ಬೆಂಗಳೂರಿನ ಸಿಲ್ಕ್ ಬೋರ್ಡ್‌ನಲ್ಲಿ ಶುರು ಮಾಡಿದರೆ ಮನೆ ಸೇರುವಷ್ಟರಲ್ಲಿ ಕತ್ತು ನೋವು ಬರುತ್ತದೆ. ಎಲ್ಲಿ ನೋಡಿದರೂ ಎರಡು ಚಕ್ರದ ಗಾಡಿಯೇ ಇರುವ ಜಾಗದಲ್ಲಿ ‘ಓ, ಇನ್ನೊಬ್ಬ ಸವಾರ’ ಅನ್ನುವ ಖುಷಿಗೆ ಅರ್ಥವಿಲ್ಲ. ದೊಡ್ಡ ಬೈಕಿಗೆ ದೊಡ್ಡ ಬೈಕ್ ಸಿಕ್ಕಾಗ ಕೆಲವರು ಊರೊಳಗೂ ತಲೆ ಬಗ್ಗಿಸುತ್ತಾರೆ. ಅದು ಅವರವರ ಇಷ್ಟ.

ಊರೊಳಗಿನ ಮರ್ಯಾದೆಯೇ ಬೇರೆ. ಅದನ್ನು ನಾವು ಯಾವ ದೇಶದಿಂದಲೂ ಕಲಿತಿಲ್ಲ. ಪಕ್ಕದ ಗಾಡಿಯ ಸೈಡ್ ಸ್ಟ್ಯಾಂಡ್ ಕೆಳಗೇ ಇದ್ದರೆ ಹಿಂದಿನಿಂದ ಯಾರಾದರೂ ಒಬ್ಬರು ‘ಅಣ್ಣಾ, ಸ್ಟ್ಯಾಂಡ್!’ ಅಂತ ಕೂಗಿಯೇ ಕೂಗುತ್ತಾರೆ. ಅವನಿಗೆ ಕೇಳದಿದ್ದರೆ ಸ್ಪೀಡ್ ಜಾಸ್ತಿ ಮಾಡಿ ಪಕ್ಕಕ್ಕೆ ಬಂದು, ಎಡಗಾಲನ್ನು ಹಿಂದಕ್ಕೆ ಒದ್ದು ತೋರಿಸುತ್ತಾರೆ. ಅವನು ಕೆಳಗೆ ನೋಡಿ, ಹಿಮ್ಮಡಿಯಲ್ಲಿ ಸ್ಟ್ಯಾಂಡ್ ಎತ್ತಿ, ಒಂದು ಸಲ ಕೈ ತೋರಿಸುತ್ತಾನೆ. ಅಷ್ಟರಲ್ಲಿ ಇವರು ಎಡಕ್ಕೆ ತಿರುಗಿ ಹೋಗಿರುತ್ತಾರೆ. ಈಚಿನ ಬಹಳಷ್ಟು ಗಾಡಿಗಳಲ್ಲಿ ಸ್ಟ್ಯಾಂಡ್ ಇಳಿದಿದ್ದರೆ ಎಂಜಿನ್ನೇ ಆಫ್ ಆಗುತ್ತದೆ. ಆದರೂ ರಸ್ತೆಯಲ್ಲಿ ಹಳೆಯ ಗಾಡಿಗಳಿಗೇನೂ ಬರವಿಲ್ಲ. ಎಡ ತಿರುವಿನಲ್ಲಿ ಗಾಡಿ ವಾಲಿದಾಗ ಆ ಸ್ಟ್ಯಾಂಡ್ ನೆಲಕ್ಕೆ ತಾಗಿದರೆ ಗಾಡಿಯನ್ನೇ ಎತ್ತಿ ಹಾಕುತ್ತದೆ.

ಸೀರೆಯ ಸೆರಗು, ದುಪಟ್ಟಾ ಚಕ್ರದ ಹತ್ತಿರ ಹಾರಾಡುತ್ತಿದ್ದರೆ ಹೇಳುವುದು ಇದಕ್ಕಿಂತ ಮುಖ್ಯ. ‘ಅಕ್ಕಾ, ವೇಲ್!’ ಅಂದರೆ ಸಾಕು. ಓಡಿಸುವವರಿಗೆ ಹೇಳಿ ಪ್ರಯೋಜನವಿಲ್ಲ, ಹಿಂದೆ ಕೂತವರಿಗೆ ಹೇಳಿ. ಪಕ್ಕಕ್ಕೆ ನುಗ್ಗಿ ಗಾಬರಿ ಮಾಡಬೇಡಿ. ಇಂಡಿಕೇಟರ್ ಹಾಕಿಕೊಂಡೇ ಎರಡು ಕಿಲೋಮೀಟರ್ ಬಂದವರಿಗೂ ಹೇಳಬಹುದು. ಆದರೆ ಅವರು ನಿಜವಾಗಿಯೂ ತಿರುಗುವವರಲ್ಲ ಅಂತ ಖಾತ್ರಿ ಮಾಡಿಕೊಂಡು ಹೇಳಿ.

ಎದುರಿನವರು ಐದೂ ಬೆರಳು ಕೂಡಿಸಿ ಬಿಡಿಸಿ ತೋರಿಸುತ್ತಾರೆ. ಇದೂ ನಮಸ್ಕಾರವಾ?

ಅಲ್ಲ, ‘ಲೈಟ್ ಆನ್ ಆಗಿದೆ’ ಅಂತ ಹೇಳುತ್ತಿದ್ದಾರೆ. ಹಿಂದೆ ಹಗಲಲ್ಲಿ ಹೆಡ್‌ಲೈಟ್ ಉರಿಯುತ್ತಿದ್ದರೆ ಮರೆತಿದ್ದಾರೆ ಅಂತಲೇ ಅರ್ಥ. ರಸ್ತೆ ಬದಿಯಲ್ಲಿ ನಿಂತ ಅಜ್ಜನೂ ಸನ್ನೆ ಮಾಡುತ್ತಿದ್ದ. 2017ರ ಏಪ್ರಿಲ್‌ನಿಂದ ಹೊಸ ಬೈಕು, ಸ್ಕೂಟರುಗಳೆಲ್ಲ ಎಂಜಿನ್ ಶುರುವಾದ ಕೂಡಲೇ ಹೆಡ್‌ಲೈಟ್ ಉರಿಯುವ ಹಾಗೆ ಬರಬೇಕು ಅಂತ ನಿಯಮವಾಯಿತು. ಆಫ್ ಮಾಡುವ ಸ್ವಿಚ್ಚೇ ಇಲ್ಲ. ಎದುರಿನವರಿಗೆ ಬೈಕ್ ಬೇಗ ಕಾಣಲಿ ಅನ್ನುವುದು ಉದ್ದೇಶ. ನಿಯಮ ಬಂತು, ಸನ್ನೆ ನಿಲ್ಲಲಿಲ್ಲ. ಹಳ್ಳಿ ಕಡೆ ಈಗಲೂ ಸಿಗುತ್ತದೆ. ‘ಅದು ಹಾಗೇ ಬರೋದು’ ಅಂತ ವಿವರಿಸಲು ಹೋಗಬೇಡಿ. ತಲೆ ಬಗ್ಗಿಸಿ ಮುಂದೆ ಹೋಗಿ. ಪರೋಪಕಾರ ಮಾಡಿದ ಸಮಾಧಾನ ಅವರಿಗಿರಲಿ.

ಕೈ ಬಿಡುವ ಬದಲು ಡಿಪ್ಪರ್ ಹೊಡೆದರೆ, ಹಾರ್ನ್ ಮಾಡಿದರೆ ಆಗಲ್ವಾ?

ಡಿಪ್ಪರ್ ಬೇಡ. ನಮ್ಮ ರಸ್ತೆಯಲ್ಲಿ ಎದುರಿನಿಂದ ಡಿಪ್ಪರ್ ಹೊಡೆದರೆ ‘ನಾನು ಬರ್ತಿದ್ದೀನಿ, ನೀನು ನಿಲ್ಲು’ ಅಂತ ಅರ್ಥ. ಕಿರಿದಾದ ಸೇತುವೆಯ ಮುಂದೆ ಇದನ್ನು ಗಮನಿಸಿರುತ್ತೀರಿ. ಕೆಲವು ಕಡೆ ‘ಮುಂದೆ ಪೊಲೀಸ್ ಇದ್ದಾರೆ’ ಅಂತಲೂ ಆಗುತ್ತದೆ. ನೀವು ಪ್ರೀತಿಯಿಂದ ಹೊಡೆದದ್ದನ್ನು ಅವರು ಜಗಳ ಅಂದುಕೊಂಡಾರು.

ಹಾರ್ನ್ ಅದಕ್ಕಿಂತ ಬೇಡ. ಇರುವ ಗಲಾಟೆಯೇ ಸಾಕಾಗಿದೆ. ಇನ್ನು ಎಕ್ಸಲರೇಟರ್ ತಿರುವಿ ಸೈಲೆನ್ಸರಿನಲ್ಲಿ ‘ಪಟ್ ಪಟ್’ ಅಂತ ಬೆಂಕಿ ಹಾರಿಸಿ ಸ್ವಾಗತ ಕೋರುವವರು ಇದ್ದಾರೆ. ಕಂಪನಿಯಿಂದ ಬಂದ ಸೈಲೆನ್ಸರ್ ಬದಲಿಸಿ ಸದ್ದು ಮಾಡುವುದು ಅಪರಾಧ. ಬೆಂಗಳೂರಿನ ಪೊಲೀಸರು ಅಂಥ ಸೈಲೆನ್ಸರುಗಳನ್ನು ರಸ್ತೆಯ ಮೇಲೆ ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸಿದ್ದನ್ನು ನೀವೂ ನೋಡಿರಬಹುದು. ನನಗಂತೂ ಅದು ಕಣ್ಣಿಗೆ ಹಬ್ಬ.

ಬುಲೆಟ್‌ನವರು ಬುಲೆಟ್‌ನವರಿಗೆ ಮಾತ್ರ ಕೈ ಎತ್ತುತ್ತಾರಂತೆ, ಹೌದಾ?

ಕೆಲವರು ಹಾಗಿದ್ದಾರೆ. ಬುಲೆಟ್ ಅಪರೂಪವಾಗಿದ್ದ ಕಾಲದಲ್ಲಿ ಇನ್ನೊಂದು ಬುಲೆಟ್ ಕಂಡರೆ ಖುಷಿಯಾಗುವುದು ಸಹಜ. ಈಗ ಪ್ರತಿ ಬೀದಿಗೂ ನಾಲ್ಕಿವೆ, ಆ ಖುಷಿ ತೆಳುವಾಗಿದೆ.

ನಿಜವಾದ ನಂಟು ನೋಡಬೇಕು ಅಂದರೆ ಹಳೆಯ ಜಾವಾ, ಯೆಜ್ದಿ ಇಟ್ಟುಕೊಂಡವರನ್ನು ನೋಡಿ. ಅವರು ಕೈ ಎತ್ತಿ ಸುಮ್ಮನಾಗುವುದಿಲ್ಲ, ಗಾಡಿ ನಿಲ್ಲಿಸುತ್ತಾರೆ. ಈ ಗಾಡಿಗಳು ಮೈಸೂರಿನವು. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಅಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಮುಚ್ಚಿದ ಕಾರ್ಖಾನೆಯ ಗಾಡಿಯನ್ನು ಓಡಿಸುವುದು ಅಂದರೆ ದಿನಾ ಬಿಡಿಭಾಗ ಹುಡುಕುವುದು. ಹಾಗಾಗಿ ಇಬ್ಬರು ಯೆಜ್ದಿಯವರು ಎದುರಾದರೆ ‘ಹೇಗಿದ್ದೀರಿ’ ಅಂತ ಕೇಳುವುದಿಲ್ಲ. ‘ಪಾಯಿಂಟ್ ಸೆಟ್ ಎಲ್ಲಿ ತಗೊಂಡ್ರಿ?’, ‘ನಿಮ್ಮ ಮೆಕ್ಯಾನಿಕ್ ಯಾರು?’ ಅಂತಲೇ ಶುರು. ಒಬ್ಬರು ಬಗ್ಗಿ ಇನ್ನೊಬ್ಬರ ಕಾರ್ಬುರೇಟರ್ ನೋಡುತ್ತಾರೆ. ಕಿಕ್ಕರನ್ನೇ ಮುಂದಕ್ಕೆ ಮಡಚಿ ಗೇರ್ ಲಿವರ್ ಮಾಡಿಕೊಳ್ಳುವುದನ್ನು ಸುತ್ತ ನಿಂತ ಹುಡುಗರಿಗೆ ತೋರಿಸುತ್ತಾರೆ. ಜುಲೈ ತಿಂಗಳ ಎರಡನೇ ಭಾನುವಾರ ಅಂತರರಾಷ್ಟ್ರೀಯ ಜಾವಾ ದಿನ. ಅವತ್ತು ಬೆಂಗಳೂರಲ್ಲೋ ಮೈಸೂರಲ್ಲೋ ಇದ್ದರೆ ಹೋಗಿ ನೋಡಿ, ಟೂ ಸ್ಟ್ರೋಕ್ ಹೊಗೆ ಅಭ್ಯಾಸವಿದ್ದರೆ.

2018ರಲ್ಲಿ ಜಾವಾ, 2022ರಲ್ಲಿ ಯೆಜ್ದಿ ಹೊಸ ರೂಪದಲ್ಲಿ ಬಂದವು. ಹಳಬರು ಹೊಸಬರಿಗೆ ತಲೆ ಬಗ್ಗಿಸುತ್ತಾರಾ? ಬಗ್ಗಿಸುತ್ತಾರೆ. ಆಮೇಲೆ ಸ್ವಲ್ಪ ಆಡಿಕೊಳ್ಳುತ್ತಾರೆ ಕೂಡ.

ಬೈಕಿನವರು ಸ್ಕೂಟರಿನವರನ್ನು ತಿರುಗಿಯೂ ನೋಡಲ್ಲ. ಏನಿದು ದೊಡ್ಡಸ್ತಿಕೆ?

ದೊಡ್ಡಸ್ತಿಕೆಯೇ. ಇದಕ್ಕೆ ಹೊರದೇಶದಲ್ಲಿ ಹಳೆಯ ಕಥೆಯೇ ಇದೆ. 1964ರಲ್ಲಿ ಇಂಗ್ಲೆಂಡಿನ ಬ್ರೈಟನ್, ಮಾರ್ಗೇಟ್ ಕಡಲ ತೀರಗಳಲ್ಲಿ ‘ಮಾಡ್ಸ್’ ಮತ್ತು ‘ರಾಕರ್ಸ್’ ಅನ್ನುವ ಎರಡು ಗುಂಪಿನ ಹುಡುಗರು ಹೊಡೆದಾಡಿಕೊಂಡರು. ಮಾಡ್ಸ್ ವೆಸ್ಪಾ, ಲ್ಯಾಂಬ್ರೆಟ್ಟಾ ಸ್ಕೂಟರಿನವರು. ರಾಕರ್ಸ್ ಚರ್ಮದ ಜಾಕೆಟ್ಟಿನ ಬೈಕಿನವರು. ಅಲ್ಲಿ ಗಾಡಿ ಅಂದರೆ ಬಟ್ಟೆ, ಸಂಗೀತ, ಜಾತಿ ಎಲ್ಲ ಆಗಿತ್ತು.

ನಮ್ಮಲ್ಲಿ ಆ ಜಗಳಕ್ಕೆ ಜಾಗವೇ ಇರಲಿಲ್ಲ. ಇಲ್ಲಿ ಅಪ್ಪ ಸ್ಕೂಟರ್ ಓಡಿಸಿದ, ಮಗ ಬೈಕ್ ಓಡಿಸಿದ, ಸೊಸೆ ಮತ್ತೆ ಸ್ಕೂಟರ್ ತಗೊಂಡಳು. ಒಂದೇ ಮನೆ. ಹಾಗಿದ್ದೂ ಹೈವೇಯಲ್ಲಿ ಸ್ಕೂಟರ್ ಕಂಡರೆ ಮುಖ ತಿರುಗಿಸುವವರಿದ್ದಾರೆ. 110 ಸಿಸಿ ಸ್ಕೂಟರಿನಲ್ಲಿ ಲಗೇಜ್ ಕಟ್ಟಿಕೊಂಡು ಶಿವಮೊಗ್ಗದಿಂದ ಗೋಕರ್ಣಕ್ಕೆ ಹೊರಟವರು ದೊಡ್ಡ ಬೈಕಿನವರಿಗಿಂತ ಜಾಸ್ತಿ ಮೈ ನೋಯಿಸಿಕೊಂಡಿರುತ್ತಾರೆ. ಮೊದಲು ಅವರಿಗೆ ತಲೆ ಬಗ್ಗಿಸಿ.

ಟಿವಿಎಸ್ ಮೊಪೆಡ್ ಮೇಲೆ ಎರಡು ಕಡೆ ಹಾಲಿನ ಕ್ಯಾನ್ ನೇತು ಹಾಕಿಕೊಂಡು ಬರುವ ಯಜಮಾನರಿಗೂ ಅಷ್ಟೇ. ನೀವು ತಲೆ ಬಗ್ಗಿಸಿದರೆ ಅವರು ಗಲ್ಲ ಮೇಲಕ್ಕೆತ್ತಿ ಉತ್ತರ ಕೊಡುತ್ತಾರೆ. ಹಳ್ಳಿಯಲ್ಲಿ ಅದರ ಅರ್ಥ ‘ಎಲ್ಲಿಗೆ ಹೊರಟಿದ್ದು?’

ಸಿಗ್ನಲ್‌ನಲ್ಲಿ ಪಕ್ಕದವರು ‘ಎಷ್ಟು ಕೊಡುತ್ತೆ?’ ಅಂತ ಕೇಳುತ್ತಾರೆ. ಕಿರಿಕಿರಿ.

ಕಿರಿಕಿರಿ ಮಾಡಿಕೊಳ್ಳಬೇಡಿ. ನಮ್ಮಲ್ಲಿ ಇದೇ ಮಾತಿನ ಶುರು. ಲೀಟರಿಗೆ 12 ಕೊಡುವ ಸೂಪರ್‌ಬೈಕಿನವರಿಗೂ ಇದೇ ಪ್ರಶ್ನೆ, ಎಲೆಕ್ಟ್ರಿಕ್ ಸ್ಕೂಟರಿನವರಿಗೆ ‘ಒಂದ್ಸಲ ಚಾರ್ಜ್ ಮಾಡಿದ್ರೆ ಎಷ್ಟು ದೂರ ಬರುತ್ತೆ?’ ಅಂತ. ನಿಜ ಹೇಳಿ. ಕಂಪನಿ ಹೇಳಿದ್ದನ್ನಲ್ಲ, ನಿಮಗೆ ಸಿಗುತ್ತಿರುವುದನ್ನು. ಕೇಳಿದವರು ಮುಂದಿನ ತಿಂಗಳು ಗಾಡಿ ತಗೊಳ್ಳುವವರಿರಬಹುದು.

ನಂತರದ ಪ್ರಶ್ನೆ ‘ಆನ್ ರೋಡ್ ಎಷ್ಟಾಯ್ತು?’ ಅದಕ್ಕೆ ಉತ್ತರಿಸುವುದು ಬಿಡುವುದು ನಿಮಗೆ ಬಿಟ್ಟದ್ದು. ‘ಆಯ್ತು ಒಂದಷ್ಟು’ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಕೇಳದೆ ಬೇರೆಯವರ ಗಾಡಿ ಮೇಲೆ ಹತ್ತಿ ಕೂತು ಫೋಟೋ ತೆಗೆಸಿಕೊಳ್ಳುವುದು ಸರಿಯಲ್ಲ. ಎಕ್ಸಲರೇಟರ್ ತಿರುವಿ ನೋಡುವುದು ಅದಕ್ಕಿಂತ ತಪ್ಪು.

ಮಾತಾಡಿಸಬೇಕಾದರೆ ಏನಂತ ಕರೆಯಬೇಕು?

ಬೆಂಗಳೂರಲ್ಲಿ ‘ಗುರು’, ‘ಬಾಸ್’ ನಡೆಯುತ್ತದೆ. ವಯಸ್ಸು ಗೊತ್ತಾಗದಿದ್ದರೆ ‘ಸಾರ್’. ಹುಬ್ಬಳ್ಳಿ, ಗದಗದ ಕಡೆ ‘ಅಣ್ಣಾರ’ ಅಂದರೆ ತಿರುಗಿ ನೋಡುತ್ತಾರೆ. ಮಂಗಳೂರಿನ ಕಡೆ ‘ಅಣ್ಣ’, ಸ್ವಲ್ಪ ಸಲಿಗೆ ಬಂದ ಮೇಲೆ ‘ಮಾರಾಯ್ರೇ’. ‘ಮಗಾ’ ಗೆಳೆಯರಿಗೆ ಮಾತ್ರ. ಹೆಲ್ಮೆಟ್ ಒಳಗೆ ಇರುವವರು ಅರವತ್ತು ದಾಟಿದವರೂ ಆಗಿರಬಹುದು.

ಹೆಣ್ಣುಮಕ್ಕಳು ಎದುರಾದಾಗ ಕೈ ಎತ್ತಬಹುದಾ?

ಬೇರೆ ಸವಾರರಿಗೆ ಹೇಗೋ ಹಾಗೆ. ತಲೆ ಬಗ್ಗಿಸಿ, ನಿಮ್ಮ ದಾರಿ ಹಿಡಿಯಿರಿ. ಯೂ ಟರ್ನ್ ಹೊಡೆದು ಹಿಂದೆ ಹೋಗುವುದು, ಪಕ್ಕಪಕ್ಕ ಓಡಿಸಿಕೊಂಡು ಬಂದು ‘ಒಬ್ರೇ ಬಂದಿದ್ದೀರಾ?’ ಅಂತ ಕೇಳುವುದು, ಹಿಂದಿಕ್ಕಿದರು ಅಂತ ರೇಸ್‌ಗೆ ಬೀಳುವುದು, ಇವು ಯಾವುವೂ ನಮಸ್ಕಾರವಲ್ಲ, ಕಾಟ. ಟೀ ಅಂಗಡಿಯಲ್ಲಿ ಮಾತಾಡಿಸಿದರೂ ಯಾವ ಊರಲ್ಲಿ ಉಳಿಯುತ್ತಾರೆ ಅಂತ ಕೇಳಬೇಡಿ. ರಸ್ತೆ ಹೇಗಿದೆ ಅಂತ ಹೇಳಿ, ಪೆಟ್ರೋಲ್ ಬಂಕ್ ಎಲ್ಲಿದೆ ಅಂತ ಹೇಳಿ. ಅದು ಉಪಯೋಗಕ್ಕೆ ಬರುತ್ತದೆ. ತಿರುಗಿ ತಲೆ ಆಡಿಸಲಿಲ್ಲ ಅಂತ ಮುನಿಸಿಕೊಳ್ಳುವುದಂತೂ ಬೇಡವೇ ಬೇಡ.

ಹದಿನೈದು ಬೈಕಿನ ಗುಂಪು ಎದುರು ಬಂದರೆ ಹದಿನೈದು ಸಲ ಕೈ ಎತ್ತಬೇಕಾ?

ಮುಂದಿನವರಿಗೆ ಒಂದು, ಕೊನೆಯವರಿಗೆ ಒಂದು. ನೀವೇ ಗುಂಪಲ್ಲಿದ್ದರೆ ಮುಂದೆ ಹೋಗುವವರು ಮಾಡಲಿ, ಉಳಿದವರು ರಸ್ತೆ ನೋಡಲಿ. ಗುಂಪಿನಲ್ಲಿ ಕೈಸನ್ನೆಗೆ ಬೇರೆ ಅರ್ಥಗಳಿವೆ. ಒಂದು ಬೆರಳು ಮೇಲೆತ್ತಿದರೆ ಒಬ್ಬರ ಹಿಂದೆ ಒಬ್ಬರು ಬನ್ನಿ ಅಂತ. ಎರಡು ಬೆರಳು ಎತ್ತಿದರೆ ಎಡಕ್ಕೊಬ್ಬರು ಬಲಕ್ಕೊಬ್ಬರು ಹಿಂದೆ ಮುಂದೆ ಬನ್ನಿ ಅಂತ. ಕಾಲು ಚಾಚಿದರೆ ಆ ಕಡೆ ಗುಂಡಿ ಇದೆ. ಟ್ಯಾಂಕ್ ತಟ್ಟಿ ತೋರಿಸಿದರೆ ಪೆಟ್ರೋಲ್ ಬೇಕು. ಎದುರಿನವರಿಗೆ ನೀವು ಎರಡು ಬೆರಳು ಎತ್ತಿದಿರಿ ಅಂದುಕೊಳ್ಳಿ. ನಿಮ್ಮ ಹಿಂದಿರುವ ಹೊಸಬ ಅದನ್ನು ನೋಡಿ ಬಲಕ್ಕೆ ಸರಿದರೆ? ಗುಂಪಿನಲ್ಲಿ ತಲೆ ಬಗ್ಗಿಸುವುದೇ ಕ್ಷೇಮ ಅನ್ನುವುದಕ್ಕೆ ಇದೂ ಒಂದು ಕಾರಣ.

ರಸ್ತೆ ಬದಿಯಲ್ಲಿ ಬೈಕ್ ನಿಲ್ಲಿಸಿಕೊಂಡವರನ್ನು ಕಂಡರೆ?

ಇದು ಮುಖ್ಯ ಪ್ರಶ್ನೆ. ಎದುರು ಬಂದವರಿಗೆಲ್ಲ ಕೈ ಎತ್ತಿ, ಕೆಟ್ಟು ನಿಂತವರ ಪಕ್ಕ ಬರ್‍ರನೆ ಹೋಗುವವರನ್ನು ನಾನು ಸವಾರರ ಲೆಕ್ಕಕ್ಕೇ ಸೇರಿಸುವುದಿಲ್ಲ.

ಮೊದಲು ವೇಗ ಇಳಿಸಿ. ಹೆಬ್ಬೆರಳು ಎತ್ತಿ ‘ಸರಿ ಇದ್ದೀರಾ?’ ಅಂತ ಕೇಳುವ ಹಾಗೆ ತೋರಿಸಿ. ಅವರು ಫೋಟೋ ತೆಗೆಯಲೋ ಬೆನ್ನು ನೆಟ್ಟಗೆ ಮಾಡಿಕೊಳ್ಳಲೋ ನಿಂತಿದ್ದರೆ ವಾಪಸ್ ಹೆಬ್ಬೆರಳು ಎತ್ತುತ್ತಾರೆ. ನೀವು ಹೋಗಬಹುದು. ಸುಮ್ಮನೆ ನಿಮ್ಮ ಮುಖವನ್ನೇ ನೋಡಿದರೆ ನಿಲ್ಲಿಸಿ. ನಿಲ್ಲಿಸುವಾಗ ಅವರ ಗಾಡಿಗಿಂತ ಸ್ವಲ್ಪ ಮುಂದೆ, ಡಾಂಬರಿನಿಂದ ಪೂರ್ತಿ ಕೆಳಗೆ ನಿಲ್ಲಿಸಿ. ರಸ್ತೆ ಮೇಲೆ ಹಸಿ ಸೊಪ್ಪಿನ ಕೊಂಬೆ ಬಿದ್ದಿದ್ದರೆ ಮುಂದೆ ಗಾಡಿ ಕೆಟ್ಟು ನಿಂತಿದೆ ಅಂತ ತಿಳಿಯಿರಿ. ಲಾರಿಯವರು ಇಡುವುದು. ಬೈಕಿನವರೂ ಇಟ್ಟರೆ ತಪ್ಪೇನಿಲ್ಲ, ಹೊರಡುವಾಗ ಎತ್ತಿ ಎಸೆಯಬೇಕು ಅಷ್ಟೇ.

ಪೆಟ್ರೋಲ್ ಮುಗಿದಿದ್ದರೆ ಹಿಂದೆಲ್ಲ ಸುಲಭವಿತ್ತು. ಟ್ಯಾಂಕಿನ ಪೈಪ್ ಬಿಚ್ಚಿ ನೀರಿನ ಬಾಟ್ಲಿಗೆ ಹಿಡಿದು ಕೊಡುತ್ತಿದ್ದೆವು. ಚೇತಕ್ ಆದರೆ ಒಂದು ಕಡೆ ವಾಲಿಸಿ ಕಿಕ್ ಹೊಡೆದರೆ ಬಂಕ್‌ವರೆಗೂ ಹೋಗುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂದ ಮೇಲೆ ಹೆಚ್ಚಿನ ಗಾಡಿಗಳು ಫ್ಯೂಯೆಲ್ ಇಂಜೆಕ್ಷನ್ ಆಗಿವೆ. ಅದರಲ್ಲಿ ತಿರುಗಿಸಲು ರಿಸರ್ವ್ ನಾಬ್ ಇಲ್ಲ, ಪೈಪ್ ಬಿಚ್ಚುವುದೂ ಸುಲಭವಲ್ಲ. ಅವರಲ್ಲಿ ಒಬ್ಬರನ್ನು ಹಿಂದೆ ಕೂರಿಸಿಕೊಂಡು ಬಂಕಿಗೆ ಹೋಗಿ ಬರುವುದೇ ಉತ್ತಮ. ಸೈಲೆನ್ಸರ್ ಪಕ್ಕ ಕಾಲಿಟ್ಟು ಇನ್ನೊಂದು ಬೈಕನ್ನು ತಳ್ಳಿಕೊಂಡು ಹೋಗುವುದು ಊರೊಳಗೆ ದಿನಾ ಕಾಣುತ್ತದೆ. ಹೈವೇಯಲ್ಲಿ ಮಾಡಬೇಡಿ.

ಬಿದ್ದು ಗಾಯವಾಗಿದ್ದರೆ 108ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033 ಕೂಡ ಇದೆ. ಅವಸರದಲ್ಲಿ ಹೆಲ್ಮೆಟ್ ಎಳೆದು ತೆಗೆಯಬೇಡಿ, ಕತ್ತಿಗೆ ಪೆಟ್ಟಾಗಿದ್ದರೆ ಅದರಿಂದ ಇನ್ನೂ ಕೆಡುತ್ತದೆ. ಉಸಿರಾಡಲು ಕಷ್ಟವಾಗುತ್ತಿದ್ದರೆ ಮುಂದಿನ ಗಾಜು ಎತ್ತಿ, ಗಲ್ಲದ ಪಟ್ಟಿ ಸಡಿಲ ಮಾಡಿ. ಪೊಲೀಸ್ ಕೇಸಿಗೆ ಸಿಕ್ಕಿಕೊಳ್ಳುತ್ತೇವೆ ಅಂತ ಹಿಂಜರಿಯುವ ಕಾಲ ಹೋಯಿತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತದೆ. ಇಷ್ಟವಿಲ್ಲದಿದ್ದರೆ ಹೆಸರು ಹೇಳಲೂಬೇಕಿಲ್ಲ.

ಲಾರಿ, ಬಸ್ಸಿನವರು ದಾರಿ ಬಿಟ್ಟರೆ?

ಥ್ಯಾಂಕ್ಸ್ ಹೇಳಿ. ಹಿಂದಿಕ್ಕಿ, ನಿಮ್ಮ ಸಾಲಿಗೆ ಪೂರ್ತಿ ಬಂದು, ಕನ್ನಡಿಯಲ್ಲಿ ಲಾರಿ ಕಂಡ ಮೇಲೆ ಎಡಗೈ ಒಂದು ಸಲ ಎತ್ತಿ. ಲಾರಿಯವರು ಬಲಗಡೆ ಇಂಡಿಕೇಟರ್ ಹಾಕಿ ‘ಬಾ’ ಅನ್ನುವುದು ಹೈವೇಯ ಹಳೆಯ ಭಾಷೆ. ಆದರೆ ಅವರು ನಿಜವಾಗಿಯೂ ಬಲಕ್ಕೆ ತಿರುಗುವವರೂ ಆಗಿರಬಹುದು, ನಂಬಿ ನುಗ್ಗಬೇಡಿ.

ಘಾಟಿಯಲ್ಲಿ ಮೇಲೆ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು ಅನ್ನುವುದು ನಿಯಮವೂ ಹೌದು, ರೂಢಿಯೂ ಹೌದು. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಬಸ್ಸು ಹತ್ತಿ ಬರುವಾಗ ಇಡೀ ರಸ್ತೆ ಅದಕ್ಕೇ ಬೇಕು. ತಿರುವಿಗೆ ಮುಂಚೆಯೇ ಎಡಕ್ಕೆ ನಿಂತುಬಿಡಿ. ಡ್ರೈವರ್ ಸ್ಟೇರಿಂಗಿನಿಂದ ಎರಡು ಬೆರಳು ಎತ್ತುತ್ತಾರೆ. ನೀವಾಗ ನಿಂತೇ ಇರುತ್ತೀರಿ, ಆರಾಮಾಗಿ ಕೈ ಎತ್ತಬಹುದು. ಚಾರ್ಮಾಡಿಯಲ್ಲಿ ಮಂಜು ಇದ್ದಾಗ ಮಾತ್ರ ಯಾರಿಗೂ ಕೈಯೂ ಬೇಡ ತಲೆಯೂ ಬೇಡ. ನಮಸ್ಕಾರ ಎಲ್ಲ ಮೇಲೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವಾಗ ಇಟ್ಟುಕೊಳ್ಳಿ.

ಕಾಡಿನ ರಸ್ತೆಯಲ್ಲಿ?

ಬಂಡೀಪುರದಂಥ ಕಡೆ ಹಾರ್ನ್ ಇಲ್ಲ, ನಿಲ್ಲುವುದಿಲ್ಲ, ಕೂಗುವುದಿಲ್ಲ. ಎದುರಿನವರು ‘ನಿಧಾನ’ ಅಂತ ಅಂಗೈ ಒತ್ತಿ ತೋರಿಸಿದರೆ ಮುಂದೆ ಆನೆ ಇರಬಹುದು. ನೀವೂ ಎದುರು ಬರುವವರಿಗೆ ಅದನ್ನೇ ತೋರಿಸುತ್ತಾ ಹೋಗಿ. ಅಲ್ಲಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ 2009ರಿಂದಲೂ ಸಂಚಾರ ಬಂದ್. ಹಾಗಾಗಿ ಸಂಜೆ ಹೊತ್ತು ಎಲ್ಲರಿಗೂ ಅವಸರ. ಅವಸರದವರ ಹತ್ತಿರ ಮರ್ಯಾದೆ ನಿರೀಕ್ಷಿಸಬೇಡಿ.

ಶಾಲೆ ಮಕ್ಕಳು ಟಾಟಾ ಮಾಡುತ್ತಾರೆ, ಕೆಲವರು ಕೈ ಚಾಚುತ್ತಾರೆ.

ಮಲೆನಾಡಿನ ರಸ್ತೆಗಳಲ್ಲಿ ಸಂಜೆ ನಾಲ್ಕೂವರೆಗೆ ಇದು ಗ್ಯಾರಂಟಿ. ವೇಗ ತಗ್ಗಿಸಿ ಟಾಟಾ ಮಾಡಿ. ಇವರಿಗೆ ತಲೆ ಬಗ್ಗಿಸಿದರೆ ಸಾಲದು, ಕೈಯೇ ಬೇಕು. ಲಡಾಖ್, ಸ್ಪಿತಿ ಕಡೆ ಹೋದರೆ ಮಕ್ಕಳು ರಸ್ತೆ ಅಂಚಿಗೆ ಬಂದು ಕೈಗೆ ಕೈ ಹೊಡೆಯಿರಿ ಅಂತ ಚಾಚಿ ನಿಲ್ಲುತ್ತಾರೆ. ಓಡುವ ಬೈಕಿನಿಂದ ಹೊಡೆಯಬೇಡಿ. 30ರ ವೇಗದಲ್ಲೂ ಆ ಪುಟ್ಟ ಕೈಗೆ ಅದು ದೊಡ್ಡ ಪೆಟ್ಟು. ನಿಲ್ಲಿಸಿ, ಗ್ಲೌಸ್ ತೆಗೆದು ಕೈ ಕೊಡಿ, ಇಲ್ಲವೇ ‘ಜುಲೇ’ ಅಂತ ಕೂಗಿ ಹೋಗಿ. ಲಡಾಖಿನಲ್ಲಿ ಬರುವಾಗಲೂ ಅದೇ, ಹೋಗುವಾಗಲೂ ಅದೇ.

ದೇವಸ್ಥಾನದ ಮುಂದೆ ಹೋಗುವಾಗ ಕೈ ಬಿಟ್ಟು ಮುಗಿಯುತ್ತಾರಲ್ಲ?

ಎಕ್ಸಲರೇಟರ್ ಬಿಟ್ಟು, ಬಲಗೈಯನ್ನು ಎದೆಗೆ, ತುಟಿಗೆ ಮುಟ್ಟಿಸಿಕೊಂಡು, ಕಣ್ಣನ್ನೂ ಗುಡಿಯ ಕಡೆ ತಿರುಗಿಸಿ ಹೋಗುವವರ ಹಿಂದೆ ಇದ್ದರೆ ದೂರ ಇರಿ. ಗಾಡಿ ತಟ್ಟನೆ ನಿಧಾನವಾಗುತ್ತದೆ, ಬ್ರೇಕ್ ಲೈಟ್ ಹತ್ತುವುದಿಲ್ಲ. ಮುಗಿಯಲೇಬೇಕು ಅಂದರೆ ಗಾಡಿ ನಿಲ್ಲಿಸಿ ಎರಡೂ ಕೈಯಲ್ಲಿ ಮುಗಿಯಿರಿ. ಬೆಂಗಳೂರಿನ ಮೈಸೂರು ರಸ್ತೆಯ ಗಾಳಿ ಆಂಜನೇಯನ ಮುಂದೆ ಹೂವಿನ ಹಾರ ಹಾಕಿಸಿಕೊಂಡು ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಹೊರಟ ಹೊಸ ಗಾಡಿ ಕಂಡರೆ ‘ಒಳ್ಳೇದಾಗ್ಲಿ’ ಅಂತ ಒಂದು ಮಾತು ಹೇಳಿ ಹೋಗಬಹುದು.

ಹೊರದೇಶದಲ್ಲಿ ಬೈಕ್ ಓಡಿಸುವ ನಮ್ಮವರು ಏನು ಮಾಡಬೇಕು?

ಅಮೆರಿಕ, ಜರ್ಮನಿಯಲ್ಲಿ ಎಡಗೈ. ಬ್ರಿಟನ್, ಆಸ್ಟ್ರೇಲಿಯಾದಲ್ಲಿ ತಲೆ. ಫ್ರಾನ್ಸಿನಲ್ಲಿ ಕಾರಿನವರು ಸರಿದು ದಾರಿ ಬಿಟ್ಟರೆ ಬಲಗಾಲು ಹೊರಗೆ ಚಾಚಿ ಥ್ಯಾಂಕ್ಸ್ ಹೇಳುತ್ತಾರೆ. ಕಾರಿನವರು ಇರುವುದು ಬಲಗಡೆ, ಬಲಗೈ ಎಕ್ಸಲರೇಟರ್ ಮೇಲೆ, ಉಳಿದದ್ದು ಕಾಲು ತಾನೇ. ರಜೆಗೆ ಊರಿಗೆ ಬಂದಾಗ ಇದನ್ನು ಮಾಡಬೇಡಿ. ನಮ್ಮಲ್ಲಿ ಕಾಲು ತೋರಿಸಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಹೆಲ್ಮೆಟ್ ಹಾಕಿಕೊಂಡವರು ಕೈ ಬೀಸಿ ಹೆಸರಿಡಿದು ಕೂಗಿದರು. ಯಾರು ಅಂತ ಗೊತ್ತಾಗಲಿಲ್ಲ.

ಕೈ ಎತ್ತಿಬಿಡಿ, ನಗಿ. ನೆಂಟರಾಗಿದ್ದರೆ ಮುಂದಿನ ಮದುವೆ ಮನೆಯಲ್ಲಿ ‘ಅವತ್ತು ವಿಜಯನಗರದಲ್ಲಿ ನೋಡಿಯೂ ನೋಡದ ಹಾಗೆ ಹೋದ’ ಅನ್ನುವ ಮಾತು ಹತ್ತು ಜನರ ಮುಂದೆ ಬರುತ್ತದೆ. ಸಿಗ್ನಲ್ ಬಿದ್ದಿದ್ದರೆ ಗಾಜು ಎತ್ತಿ ಮುಖ ತೋರಿಸಿ, ಅವರೂ ಎತ್ತುತ್ತಾರೆ. ಆಗಲೂ ಗುರುತು ಸಿಗದಿದ್ದರೆ ‘ಮನೇಲೆಲ್ಲ ಆರಾಮಾ?’ ಅಂತ ಕೇಳಿ. ಅಷ್ಟರಲ್ಲಿ ಹಸಿರು ದೀಪ ಬಂದಿರುತ್ತದೆ.